ರೆಡಿ ನಕ್ಷೆ, ಬೇಗ ಅನುಮತಿ: ಬೆಂಗಳೂರಿನ ಸಣ್ಣ ಸೈಟಲ್ಲಿ ಮನೆ ಕಟ್ಟುವವರಿಗೆ

ಬೆಂಗಳೂರಿನ ಬಡಾವಣೆಗಳಲ್ಲಿ ಸೈಟುಗಳು ಅಚ್ಚು ಹೊಡೆದ ಹಾಗೆ ಇವೆ. 20×30, 30×40, 30×50, 40×60, 50×80 ಅಡಿ. ಬನಶಂಕರಿಯಲ್ಲಿ ಕಂಡ 30×40 ಸೈಟೇ ನಾಗರಬಾವಿಯಲ್ಲೂ ಇದೆ, ಯಲಹಂಕದಲ್ಲೂ ಇದೆ. ಹಾಗಿದ್ದ ಮೇಲೆ ಪ್ರತಿಯೊಬ್ಬರೂ ಹೊಸದಾಗಿ ನಕ್ಷೆ ಬರೆಸಿ, ಹೊಸದಾಗಿ ಪರಿಶೀಲನೆಗೆ ಕೊಟ್ಟು, ಅದೇ ಆಕ್ಷೇಪಣೆಗಳಿಗೆ ಉತ್ತರ ಹೇಳುತ್ತಾ ಕೂರೋದು ಯಾಕೆ? ಒಂದು ಸಲ ಪಾಸಾದಂಥ ನಕ್ಷೆಯನ್ನೇ ಇಟ್ಟುಕೊಂಡು ಬೇಗ ಅನುಮತಿ ತಗೊಂಡರೆ ಆಗಲ್ವಾ?

ಆಗುತ್ತದೆ. ಆದರೆ ಯಾವ ನಕ್ಷೆಗೆ ಅನುಮತಿ ತಗೊಳ್ಳುತ್ತೀರೋ ಅದೇ ಮನೆಯನ್ನು ಕಟ್ಟುವ ಮನಸ್ಸಿದ್ದರೆ ಮಾತ್ರ. ಪಾಲಿಕೆಗೆ ಒಂದು ನಕ್ಷೆ, ಮೇಸ್ತ್ರಿಗೆ ಇನ್ನೊಂದು ನಕ್ಷೆ ಅನ್ನೋದು ನಮ್ಮೂರಿನ ಹಳೇ ಅಭ್ಯಾಸ. ಆ ಅಭ್ಯಾಸ ಇಟ್ಟುಕೊಂಡು ಹೊರಟರೆ, ಶುರುವಿನಲ್ಲಿ ಉಳಿಸಿದ ವಾರಗಳನ್ನೆಲ್ಲ ಕೊನೆಗೆ ಕರೆಂಟ್ ಮೀಟರ್ ಹಾಕಿಸುವ ಹೊತ್ತಿಗೆ ಕಳೆದುಕೊಳ್ಳುತ್ತೀರಿ.

ಬೇರೆ ಕಡೆ ಏನು ಮಾಡಿದ್ದಾರೆ, ನಮ್ಮಲ್ಲಿ ಏನಿದೆ

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹಿತ್ತಲಲ್ಲಿ ಕಟ್ಟುವ ಚಿಕ್ಕ ಮನೆಗಳಿಗೆ ನಗರಾಡಳಿತವೇ ಮೊದಲೇ ನೋಡಿ ಒಪ್ಪಿಟ್ಟ ನಕ್ಷೆಗಳು ಸಿಗುತ್ತವೆ. ಆರ್ಕಿಟೆಕ್ಟ್‌ಗಳು ಬರೆದದ್ದನ್ನು ಊರಿನ ಇಲಾಖೆ ಒಂದು ಸಲ ಪರಿಶೀಲಿಸಿರುತ್ತದೆ. ಮನೆ ಕಟ್ಟುವವರು ಇಷ್ಟವಾದದ್ದನ್ನು ಆರಿಸಿಕೊಂಡು, ಆರ್ಕಿಟೆಕ್ಟ್‌ಗೆ ಶುಲ್ಕ ಕೊಟ್ಟು ಬಳಸುತ್ತಾರೆ. ಕ್ಯಾಲಿಫೋರ್ನಿಯಾ ರಾಜ್ಯ ಇದನ್ನು ಕಾನೂನೇ ಮಾಡಿತು. 2025ರ ಜನವರಿ 1ರ ಹೊತ್ತಿಗೆ ಸ್ಥಳೀಯ ಸಂಸ್ಥೆಗಳು ಇಂಥ ವ್ಯವಸ್ಥೆ ಮಾಡಿರಬೇಕು ಅಂತ ಹೇಳಿತು. ಇಂಥ ಚಿಕ್ಕ ಮನೆಗಳ ಮಾಮೂಲಿ ಅರ್ಜಿಗೆ 60 ದಿನದ ಗಡುವು ಇದ್ದರೆ, ಮೊದಲೇ ಒಪ್ಪಿದ ನಕ್ಷೆಯ ಅರ್ಜಿಗೆ 30 ದಿನ. ಕೆನಡಾ ಕೂಡ 2025ರಲ್ಲಿ ಸುಮಾರು 50 ವಿನ್ಯಾಸಗಳ ಕ್ಯಾಟಲಾಗ್ ಹೊರತಂದಿತು. ಆದರೆ ಅದನ್ನು ಹಿಡಿದುಕೊಂಡು ಹೋದವರೂ ಸ್ಥಳೀಯ ಅನುಮತಿ ಪಡೆಯಲೇಬೇಕು.

ಅಲ್ಲೂ ಸರ್ಕಾರ ಮೊದಲೇ ಒಪ್ಪಿರೋದು ಮನೆಯನ್ನು, ಸೈಟನ್ನಲ್ಲ. ಮಣ್ಣು ಹೇಗಿದೆ, ಇಳಿಜಾರು ಎಷ್ಟಿದೆ, ಚರಂಡಿ ಎಲ್ಲಿದೆ, ಗಡಿ ಎಲ್ಲಿದೆ ಅನ್ನೋದನ್ನು ಪ್ರತಿ ಸೈಟಿಗೂ ಬೇರೆಯಾಗಿಯೇ ನೋಡುತ್ತಾರೆ.

ಬೆಂಗಳೂರಲ್ಲಿ ಇದಕ್ಕೆ ಹತ್ತಿರದ ದಾರಿ ಅಂದರೆ ‘ನಂಬಿಕೆ ನಕ್ಷೆ’. 2024ರಲ್ಲಿ ಆಗಿನ ನಗರ ಪಾಲಿಕೆ ಬಿಬಿಎಂಪಿ ಇದನ್ನು ಮೊದಲು ರಾಜರಾಜೇಶ್ವರಿನಗರ ಮತ್ತು ದಾಸರಹಳ್ಳಿ ವಲಯಗಳಲ್ಲಿ ಪ್ರಯೋಗಕ್ಕೆ ಇಟ್ಟಿತು, ಆಮೇಲೆ ಊರಿಗೆಲ್ಲ ವಿಸ್ತರಿಸಿತು. 50×80 ಅಡಿವರೆಗಿನ ಸೈಟಿನಲ್ಲಿ, ನಾಲ್ಕು ಮನೆಗಳವರೆಗಿನ ವಸತಿ ಕಟ್ಟಡಕ್ಕೆ ಇದು ಅನ್ವಯಿಸುತ್ತದೆ. ನೋಂದಾಯಿತ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ನಕ್ಷೆ ಮತ್ತು ದಾಖಲೆಗಳನ್ನು ಆನ್‌ಲೈನ್‌ನಲ್ಲಿ ಹಾಕುತ್ತಾರೆ. ನಿಯಮಕ್ಕೆ ಹೊಂದಿದರೆ, ಶುಲ್ಕ ಕಟ್ಟಿದ ಮೇಲೆ ತಾತ್ಕಾಲಿಕ ಅನುಮತಿ ಕೂಡಲೇ ಸಿಗುತ್ತದೆ. ಅಧಿಕಾರಿಗಳು ದಾಖಲೆ ತಿರುವಿ ನೋಡೋದು ಆಮೇಲೆ. ಸುಳ್ಳು ಹೇಳಿದ್ದು ಗೊತ್ತಾದರೆ ಅನುಮತಿ ರದ್ದಾಗುತ್ತದೆ, ಸಹಿ ಹಾಕಿದವರ ಮೇಲೂ ಕ್ರಮ ಆಗುತ್ತದೆ.

ನನ್ನ ಪ್ರಕಾರ ಬೆಂಗಳೂರಿನವರಿಗೆ ‘ರೆಡಿ ನಕ್ಷೆ’ ಅಂದರೆ ಎರಡು ಸೇರಿದ್ದು: ನಿಯಮಕ್ಕೆ ಹೊಂದುತ್ತದೆ ಅಂತ ಈಗಾಗಲೇ ಪರೀಕ್ಷೆಯಾಗಿರುವ, ಸಾಮಾನ್ಯ ಅಳತೆಯ ಸೈಟಿನ ವಿನ್ಯಾಸ ಒಂದು, ಅದನ್ನು ನಂಬಿಕೆ ನಕ್ಷೆಯ ದಾರಿಯಲ್ಲಿ ಸಲ್ಲಿಸೋದು ಇನ್ನೊಂದು. ಹೇಗೆ ಅನ್ನೋದನ್ನು ಈಗ ಹಂತವಾಗಿ ನೋಡೋಣ.

ಹಂತ 1: ನಿಮ್ಮ ಸೈಟು ಯಾರ ಕೈಯಲ್ಲಿದೆ?

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಿವೆ: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಜನರ ಬಾಯಲ್ಲಿ ಇನ್ನೂ ‘ಬಿಬಿಎಂಪಿ ಆಫೀಸು’ ಅಂತಲೇ ಇದೆ, ಇರಲಿ. ನಿಮ್ಮ ವಾರ್ಡು ಯಾವ ಪಾಲಿಕೆಗೆ ಹೋಗಿದೆ ಅಂತ ಮೊದಲು ತಿಳಿದುಕೊಳ್ಳಿ.

ಸೈಟು ನಾಡಪ್ರಭು ಕೆಂಪೇಗೌಡ ಬಡಾವಣೆಯಂಥ, ಇನ್ನೂ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ನೋಡಿಕೊಳ್ಳುತ್ತಿರುವ ಬಡಾವಣೆಯಲ್ಲಿದ್ದರೆ ನಕ್ಷೆಯ ಕೆಲಸ ಬಿಡಿಎ ಕಡೆಯಿಂದ ಆಗಬೇಕು. ಊರಾಚೆ ಗ್ರಾಮ ಪಂಚಾಯ್ತಿ ವ್ಯಾಪ್ತಿಯಲ್ಲಿದ್ದರೆ ಪಂಚಾಯ್ತಿ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಇಟ್ಟುಕೊಂಡು ಬೇರೆಯೇ ದಾರಿ ಹಿಡಿಯಬೇಕು. ಅಲ್ಲಿ ನಂಬಿಕೆ ನಕ್ಷೆಯ ಮಾತಿಲ್ಲ.

ಹಂತ 2: ನಕ್ಷೆಗಿಂತ ಮೊದಲು ಕಾಗದ

ನಕ್ಷೆ ಪಾಸಾಗೋಕೆ ತಡ ಆಯಿತು ಅನ್ನುವವರನ್ನು ಕೂರಿಸಿ ಕೇಳಿ ನೋಡಿ. ಹೆಚ್ಚಿನವರಿಗೆ ತಡ ಆಗಿರೋದು ನಕ್ಷೆಯಿಂದಲ್ಲ, ಕಾಗದದಿಂದ. ಎಷ್ಟೇ ಚೆನ್ನಾಗಿರುವ ರೆಡಿ ನಕ್ಷೆ ತಂದರೂ ಇಲ್ಲಿ ಅದು ಕೆಲಸಕ್ಕೆ ಬರಲ್ಲ.

ಈಗ ಎಲ್ಲದಕ್ಕೂ ಇ-ಖಾತೆಯೇ, ಅಂದರೆ ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆಯೇ ಬುನಾದಿ. 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೇ ಅದು ಕಡ್ಡಾಯ. ಇ-ಖಾತೆ ಕೈಗೆ ಬಂದ ತಕ್ಷಣ ಖುಷಿಪಟ್ಟು ಬೀರುವಿನಲ್ಲಿ ಇಡಬೇಡಿ. ಕ್ರಯಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ಹೋಲಿಸಿ. ಹೆಸರಿನ ಅಕ್ಷರ ಆಧಾರ್‌ನಲ್ಲಿ ಇರುವಂತೆಯೇ ಇದೆಯಾ? ಅಪ್ಪನ ಹೆಸರು ಸರಿಯಿದೆಯಾ? ಸೈಟಿನ ನಂಬರ್ ಬದಲಾಗಿಲ್ಲ ತಾನೆ? ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ ಅಂತ ಕ್ರಯಪತ್ರ ಹೇಳುತ್ತಿದ್ದು, ಇ-ಖಾತೆ ಪಶ್ಚಿಮಕ್ಕೆ ರಸ್ತೆ ಅಂದರೆ ನಕ್ಷೆ ಅಲ್ಲೇ ನಿಲ್ಲುತ್ತದೆ. ಅಳತೆಯಲ್ಲೂ ಅಷ್ಟೆ. ಒಂದು ಕಡೆ ಅಡಿ, ಇನ್ನೊಂದು ಕಡೆ ಮೀಟರ್. 30×40 ಅಡಿ ಅಂದರೆ 9.14×12.19 ಮೀಟರ್, ಒಟ್ಟು 111.48 ಚದರ ಮೀಟರ್. ಯಾರೋ ಸುಮ್ನೆ 9×12 ಅಂತ ಬರೆದುಬಿಟ್ಟರೆ 108 ಚದರ ಮೀಟರ್ ಆಗುತ್ತದೆ. ಮೂರೂವರೆ ಚದರ ಮೀಟರ್ ಕಾಗದದ ಮೇಲೆ ಮಾಯ. ಕಟ್ಟಬಹುದಾದ ವಿಸ್ತೀರ್ಣವೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ.

ಇದರ ಜೊತೆ ಬೇಕಾಗೋದು: ಕ್ರಯಪತ್ರ, ಈ ವರ್ಷದ ಆಸ್ತಿ ತೆರಿಗೆ ರಸೀದಿ, ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ತೆಗೆದ ಋಣಭಾರ ಪತ್ರ, ಬಿಡಿಎ ಸೈಟಾದರೆ ಸ್ವಾಧೀನ ಪತ್ರ, ಖಾಸಗಿ ಬಡಾವಣೆಯಾದರೆ ಅನುಮೋದಿತ ಬಡಾವಣೆ ನಕ್ಷೆ ಮತ್ತು ಭೂ ಪರಿವರ್ತನೆಯ ಆದೇಶ. ಮೂರ್ನಾಲ್ಕು ಕೈ ಬದಲಾದ ಸೈಟಾದರೆ ಹಿಂದಿನ ಕ್ರಯಪತ್ರಗಳನ್ನೂ ತೆಗೆದಿಡಿ. ಅಣ್ಣತಮ್ಮಂದಿರ ಹೆಸರಲ್ಲಿ ಜಂಟಿಯಾಗಿದ್ದರೆ ಎಲ್ಲರ ಸಹಿ ಬೇಕು. ಒಬ್ಬರು ದುಬೈನಲ್ಲಿದ್ದರೆ ಆ ವ್ಯವಸ್ಥೆ ಈಗಲೇ ಮಾಡಿಕೊಳ್ಳಿ.

ಬಿ ಖಾತೆಯವರಿಗೆ ಒಂದು ಮಾತು. ಬಿ ಖಾತೆ ತೆರಿಗೆ ವಸೂಲಿಗೆ ಇಟ್ಟ ದಾಖಲೆ, ಅದರ ಮೇಲೆ ಮಾಮೂಲಿಯಾಗಿ ನಕ್ಷೆ ಮಂಜೂರಾಗಲ್ಲ. ಬಿ ಖಾತೆಯನ್ನು ಎ ಖಾತೆಗೆ ಬದಲಾಯಿಸುವ ಯೋಜನೆಯನ್ನು ಸರ್ಕಾರ 2025ರಲ್ಲಿ ತಂದಿದೆ. ನಿಮ್ಮದು ಆ ಸಾಲಿನಲ್ಲಿದ್ದರೆ ಮೊದಲು ಅದನ್ನು ಮುಗಿಸಿ. ‘ಬಿ ಖಾತೆ ಇದ್ದರೂ ಪ್ಲಾನ್ ಮಾಡಿಸಿಕೊಡ್ತೀನಿ’ ಅನ್ನುವವರು ಪ್ರತಿ ಬಡಾವಣೆಯ ಜೆರಾಕ್ಸ್ ಅಂಗಡಿ ಹತ್ತಿರ ಒಬ್ಬರಾದರೂ ಇರುತ್ತಾರೆ. ದುಡ್ಡು ಕೊಡಬೇಡಿ.

ಹಂತ 3: ಟೇಪು ಹಿಡಿದು ಸೈಟಿಗೆ ಇಳಿಯಿರಿ

ರೆಡಿ ನಕ್ಷೆ ನಿಂತಿರೋದೇ ಸೈಟಿನ ಮೂಲೆಗಳು ನೇರವಾಗಿವೆ, ಅಳತೆ ಸರಿಯಿದೆ ಅನ್ನುವ ನಂಬಿಕೆಯ ಮೇಲೆ. ನಿಜಕ್ಕೂ ಹಾಗಿದೆಯಾ ಅಂತ ನೋಡಬೇಕಾದವರು ನೀವು.

ನನ್ನ ಪರಿಚಯದವರ ಒಂದು ಸೈಟು ಉಲ್ಲಾಳದ ಕಡೆ ಇದೆ. ಕ್ರಯಪತ್ರದಲ್ಲಿ 30×40. ಮುಂದಿನ ಭಾಗ ಅಳೆದರೆ ಸರಿಯಾಗಿ 30 ಅಡಿ. ಹಿಂದಿನ ಭಾಗಕ್ಕೆ ಹೋಗಿ ಟೇಪು ಎಳೆದರೆ 29 ಅಡಿ 4 ಇಂಚು. ಪಕ್ಕದ ಮನೆಯವರ ಕಾಂಪೌಂಡು ಗೋಡೆ ಹಿಂದಕ್ಕೆ ಹೋಗುತ್ತಾ ಸ್ವಲ್ಪ ಸ್ವಲ್ಪವೇ ಇವರ ಕಡೆ ವಾಲಿತ್ತು. ಎಂಟು ಇಂಚು ಏನು ಮಹಾ ಅನ್ನಿಸಬಹುದು. ಆದರೆ ರೆಡಿ ನಕ್ಷೆಯಲ್ಲಿ ಎರಡೂ ಪಕ್ಕ ಬಿಡಬೇಕಾದ ಜಾಗವನ್ನು (ಸೆಟ್‌ಬ್ಯಾಕ್) ಇಂಚಿಗೆ ಇಂಚು ಲೆಕ್ಕ ಹಾಕಿರುತ್ತಾರೆ. ಎಂಟು ಇಂಚು ಕಡಿಮೆಯಾದರೆ ಹಿಂಬದಿಯ ಕೋಣೆಯೋ ಸೆಟ್‌ಬ್ಯಾಕೋ, ಯಾವುದಾದರೂ ಒಂದು ಸೋಲಲೇಬೇಕು. ನೆರೆಯವರ ಹತ್ತಿರ ಮಾತಾಡಿ ಸರ್ವೆ ಮಾಡಿಸೋದಿದ್ದರೆ ಈಗಲೇ. ಪಾಯ ತೋಡಿದ ಮೇಲೆ ಆ ಮಾತು ಜಗಳವಾಗುತ್ತದೆ.

ಅಳೆಯುವಾಗ ನಾಲ್ಕು ಬದಿಯ ಜೊತೆ ಎರಡು ಕರ್ಣವನ್ನೂ ಅಳೆಯಿರಿ. 30×40 ಸೈಟು ಸರಿಯಾಗಿ ಮೂಲೆಗಟ್ಟಿದ್ದರೆ ಎರಡೂ ಕರ್ಣ 50 ಅಡಿ ಬರಬೇಕು. ಮೇಸ್ತ್ರಿಗಳು 3-4-5 ಹಾಕಿ ಮೂಲೆಮಟ್ಟ ನೋಡೋದು ಇದೇ ಲೆಕ್ಕದಲ್ಲಿ. ಕರ್ಣದಲ್ಲಿ ವ್ಯತ್ಯಾಸ ಇದ್ದರೆ ಸೈಟು ಓರೆಯಾಗಿದೆ ಅಂತ ಅರ್ಥ.

ಜೊತೆಗೆ ಇನ್ನೂ ಕೆಲವು ನೋಡಿಕೊಳ್ಳಿ. ರಸ್ತೆ ಎಷ್ಟು ಅಗಲ? ಒಟ್ಟು ಎಷ್ಟು ಕಟ್ಟಬಹುದು ಅನ್ನುವ ಎಫ್‌ಎಆರ್ ಲೆಕ್ಕಕ್ಕೆ ಇದು ಬೇಕು. ರಸ್ತೆ ಮಟ್ಟಕ್ಕಿಂತ ಸೈಟು ಎಷ್ಟು ಕೆಳಗಿದೆ? ಡಾಂಬರು ಮೇಲೆ ಡಾಂಬರು ಹಾಕಿ ರಸ್ತೆಗಳು ಏರುತ್ತಲೇ ಇರುವ ಊರಿದು. ಹತ್ತಿರದಲ್ಲಿ ರಾಜಕಾಲುವೆ ಅಥವಾ ಕೆರೆ ಇದೆಯಾ? ಅವುಗಳ ಅಂಚಿನಲ್ಲಿ ಕಟ್ಟದೆ ಬಿಡಬೇಕಾದ ಬಫರ್ ವಲಯದಲ್ಲಿದ್ದರೆ ಯಾವ ರೆಡಿ ನಕ್ಷೆಯೂ ಕಾಪಾಡಲ್ಲ. ನೋಡೋಕೆ ಒಣಗಿದ ಮೋರಿಯಂತಿದ್ದರೂ ಹಳೇ ಗ್ರಾಮ ನಕ್ಷೆಯಲ್ಲಿ ಅದು ಹಳ್ಳ ಅಂತಿರಬಹುದು. ತಲೆ ಮೇಲೆ ಹೈಟೆನ್ಷನ್ ತಂತಿ, ಪಕ್ಕದಲ್ಲಿ ಮೆಟ್ರೋ ಮಾರ್ಗ, ಎಚ್‌ಎಎಲ್ ಅಥವಾ ಜಕ್ಕೂರು ವಿಮಾನ ನಿಲ್ದಾಣದ ಹತ್ತಿರದ ಜಾಗ, ಇವಕ್ಕೆಲ್ಲ ಬೇರೆ ಷರತ್ತುಗಳಿವೆ.

ಹಂತ 4: ನಕ್ಷೆ ಆರಿಸುವಾಗ

ಇಂಟರ್‌ನೆಟ್‌ನಲ್ಲಿ ‘30×40 ಈಸ್ಟ್ ಫೇಸಿಂಗ್ ಹೌಸ್ ಪ್ಲಾನ್’ ಅಂತ ಹುಡುಕಿದರೆ ಸಾವಿರ ಚಿತ್ರ ಬರುತ್ತವೆ. ಕೆಲವನ್ನು ಕೆಲವು ನೂರು ರೂಪಾಯಿಗೆ ಮಾರುತ್ತಾರೆ. ಐಡಿಯಾಗೆ ನೋಡಿ, ತಪ್ಪಿಲ್ಲ. ಆದರೆ ಹೆಚ್ಚಿನವು ನಮ್ಮ ಸೆಟ್‌ಬ್ಯಾಕ್ ನಿಯಮ ನೋಡಿ ಬರೆದವಲ್ಲ. ಗೋಡೆಯಿಂದ ಗೋಡೆಗೆ 30 ಅಡಿ ತುಂಬಿಸಿರುತ್ತಾರೆ. ಪಕ್ಕದಲ್ಲಿ ಗಾಳಿಗೆ ಜಾಗವಿಲ್ಲ, ಕಿಟಕಿ ನೆರೆಮನೆ ಗೋಡೆಗೆ ತೆರೆದುಕೊಳ್ಳುತ್ತದೆ. ಇಂಥದ್ದನ್ನು ತಗೊಂಡು ಬಂದು ‘ಇದನ್ನೇ ಪಾಸ್ ಮಾಡಿಸಿ’ ಅಂದರೆ ಎಂಜಿನಿಯರ್ ಏನು ಮಾಡಬೇಕು?

ಅದಕ್ಕಿಂತ ಒಳ್ಳೇ ದಾರಿ ಒಂದಿದೆ. ನಿಮ್ಮದೇ ಪಾಲಿಕೆಯಲ್ಲಿ, ನಿಮ್ಮದೇ ಅಳತೆಯ ಸೈಟಿಗೆ ಇತ್ತೀಚೆಗೆ ನಕ್ಷೆ ಮಂಜೂರು ಮಾಡಿಸಿದ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಹತ್ತಿರ ಹೋಗಿ. ಅವರ ಹತ್ತಿರ ಪಾಸಾದ ನಾಲ್ಕೈದು ನಕ್ಷೆಗಳು ಇದ್ದೇ ಇರುತ್ತವೆ. ಅದರಲ್ಲಿ ನಿಮಗೆ ಹೊಂದುವುದನ್ನು ಆರಿಸಿಕೊಂಡು, ನಿಮ್ಮ ಸೈಟಿಗೆ ಬೇಕಾದಷ್ಟು ತಿದ್ದಿಸಿಕೊಳ್ಳಿ. ಪಕ್ಕದ ಬೀದಿಯವರ ಮನೆ ಇಷ್ಟವಾಯಿತು ಅಂತ ಅವರ ಮಂಜೂರಾದ ನಕ್ಷೆಯ ಜೆರಾಕ್ಸ್ ತಂದು ಹೆಸರು ಬದಲಾಯಿಸೋದು ಬೇಡ. ನಕ್ಷೆಯ ಹಕ್ಕು ಬರೆದವರದು. ಅವರನ್ನೇ ಹುಡುಕಿ, ಶುಲ್ಕ ಕೊಟ್ಟು ಬರೆಸಿಕೊಳ್ಳಿ. ಹೊಸದಾಗಿ ಬರೆಸೋದಕ್ಕಿಂತ ಕಡಿಮೆಗೆ ಮಾಡಿಕೊಡಿ ಅಂತ ಕೇಳೋಕೆ ಸಂಕೋಚ ಬೇಡ.

ಆರಿಸುವಾಗ ಮೊದಲು ನೋಡಬೇಕಾದ್ದು ರಸ್ತೆ ಯಾವ ದಿಕ್ಕಿಗಿದೆ ಅನ್ನೋದನ್ನು. ಪೂರ್ವಕ್ಕೆ ಮುಖ ಮಾಡಿದ ನಕ್ಷೆಯನ್ನು ತಿರುಗಿಸಿ ಉತ್ತರದ ಸೈಟಿಗೆ ಇಡಬಹುದು ಅಂದುಕೊಳ್ಳುತ್ತಾರೆ. ಅಳತೆಗೆ ಅದು ಹೊಂದುತ್ತದೆ. ಆದರೆ ಆಗ್ನೇಯದಲ್ಲಿದ್ದ ಅಡುಗೆಮನೆ ಈಶಾನ್ಯಕ್ಕೆ ಹೋಗಿ ಕೂರುತ್ತದೆ. ಮನೆಯ ಹಿರಿಯರು ನೋಡಿದ ದಿನವೇ ನಕ್ಷೆ ಬದಲಾಗುತ್ತದೆ. ವಾಸ್ತುವಿನಲ್ಲಿ ನಂಬಿಕೆ ಇದೆಯೋ ಇಲ್ಲವೋ ಅದು ಬೇರೆ ಮಾತು. ಮನೆಯಲ್ಲಿ ನೋಡುವವರಿದ್ದರೆ ಅವರನ್ನು, ಅವರು ನಂಬುವ ಪುರೋಹಿತರನ್ನು ಈ ಹಂತದಲ್ಲೇ ಕೂರಿಸಿಕೊಳ್ಳಿ. ‘ಆಯ ಕೂಡಿಬರಲ್ಲ, ಹಾಲು ನಾಲ್ಕು ಇಂಚು ಕಡಿಮೆ ಮಾಡಿ’ ಅನ್ನುವ ಮಾತು ಸಲ್ಲಿಸೋಕೆ ಮೊದಲು ಬಂದರೆ ಒಂದು ದಿನದ ಕೆಲಸ. ಆಮೇಲೆ ಬಂದರೆ ಪರಿಷ್ಕೃತ ನಕ್ಷೆ, ಮತ್ತೆ ಶುಲ್ಕ.

ಎರಡನೆಯದು, ಮನೆ ಯಾರಿಗೆ? ಸ್ವಂತಕ್ಕೆ ಒಂದು ಡ್ಯೂಪ್ಲೆಕ್ಸ್ ಸಾಕಾ, ಕೆಳಗೆ ನಾವು ಮೇಲೆ ಬಾಡಿಗೆಯಾ? ಈ ಊರಲ್ಲಿ ಬಹಳ ಜನರ ಲೆಕ್ಕ ಬಾಡಿಗೆಯ ಮೇಲೆಯೇ ನಿಂತಿರುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಎರಡು ಬಾಡಿಗೆ ಮನೆ ಬೇಕಿದ್ದರೆ ನಕ್ಷೆಯಲ್ಲೇ ಎರಡು ಮನೆ ತೋರಿಸಿ. ನಕ್ಷೆಯಲ್ಲಿ ಒಂದು ಸಂಸಾರದ ಡ್ಯೂಪ್ಲೆಕ್ಸ್ ತೋರಿಸಿ, ಕಟ್ಟುವಾಗ ಆರು ಸಿಂಗಲ್ ರೂಮು ಮಾಡುವವರೇ ಜಾಸ್ತಿ. ನಂಬಿಕೆ ನಕ್ಷೆಗೆ ಇರುವ ನಾಲ್ಕು ಮನೆಗಳ ಮಿತಿ ಆಗಲೇ ಮೀರಿರುತ್ತದೆ. ಮನೆಗಳ ಸಂಖ್ಯೆ ಹೆಚ್ಚಿದಂತೆ ಪಾರ್ಕಿಂಗ್ ಲೆಕ್ಕವೂ ಹೆಚ್ಚುತ್ತದೆ, ಸಂಪು ಮತ್ತು ಒಳಚರಂಡಿ ಲೆಕ್ಕವೂ ಬದಲಾಗುತ್ತದೆ.

ಹಂತ 5: ಎಷ್ಟು ಕಟ್ಟಬಹುದು, ನೀವೇ ಲೆಕ್ಕ ಹಾಕಿ

ಇದನ್ನು ಎಂಜಿನಿಯರ್‌ಗೆ ಬಿಡೋದು ಸರಿ. ಆದರೂ ಒಂದು ಸಲ ಕಾಗದ, ಪೆನ್ನು ಹಿಡಿದು ನೀವೇ ಮಾಡಿ ನೋಡಿ. ಆಮೇಲೆ ನಿಮಗೆ ಯಾರೂ ಸುಳ್ಳು ಹೇಳೋಕೆ ಆಗಲ್ಲ.

ಮೂರು ಮಿತಿಗಳಿವೆ. ಸುತ್ತ ಎಷ್ಟು ಜಾಗ ಬಿಡಬೇಕು ಅನ್ನೋದು ಸೆಟ್‌ಬ್ಯಾಕ್. ಸೈಟಿನ ಎಷ್ಟು ಭಾಗವನ್ನು ಕಟ್ಟಡ ಮುಚ್ಚಬಹುದು ಅನ್ನೋದು ಕವರೇಜ್. ಎಲ್ಲ ಮಹಡಿ ಸೇರಿ ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನೋದು ಎಫ್‌ಎಆರ್. ಪರಿಷ್ಕೃತ ಮಹಾಯೋಜನೆ 2015ರ ಪ್ರಕಾರ, 12 ಮೀಟರ್‌ವರೆಗಿನ ರಸ್ತೆಯಲ್ಲಿ 360 ಚದರ ಮೀಟರ್‌ವರೆಗಿನ ವಸತಿ ಸೈಟಿಗೆ ಕವರೇಜ್ 75 ಶೇಕಡಾ, ಎಫ್‌ಎಆರ್ 1.75. ಅಂದರೆ 1,200 ಚದರ ಅಡಿ ಸೈಟಿನಲ್ಲಿ ಒಟ್ಟು 2,100 ಚದರ ಅಡಿ.

ಲೆಕ್ಕಕ್ಕೆ ಸುತ್ತಲೂ ಒಂದೊಂದು ಮೀಟರ್ ಬಿಡುತ್ತೀರಿ ಅಂತ ಇಟ್ಟುಕೊಳ್ಳಿ. 9.14ರಲ್ಲಿ ಎರಡು ಕಳೆದರೆ 7.14. 12.19ರಲ್ಲಿ ಎರಡು ಕಳೆದರೆ 10.19. ಗುಣಿಸಿದರೆ ಒಂದು ಮಹಡಿಗೆ ಸುಮಾರು 72.8 ಚದರ ಮೀಟರ್, ಅಂದರೆ 783 ಚದರ ಅಡಿ. ಕವರೇಜ್ 65 ಶೇಕಡಾ, ಅಲ್ಲಿ ತೊಂದರೆ ಇಲ್ಲ. ಈಗ ಇದನ್ನೇ ಮೂರು ಮಹಡಿ ತುಂಬ ಕಟ್ಟಿದರೆ ಸುಮಾರು 2,350 ಚದರ ಅಡಿ. ಎಫ್‌ಎಆರ್ ಬಿಡೋದು 2,100. ಸುಮಾರು 250 ಚದರ ಅಡಿ ಜಾಸ್ತಿಯಾಯಿತು, ಒಂದು ಒಳ್ಳೇ ಕೋಣೆ, ಬಾತ್‌ರೂಮ್ ಸೇರಿದಷ್ಟು. ‘ಗ್ರೌಂಡ್ ಪ್ಲಸ್ ಟೂ, ಫುಲ್’ ಅಂತ ಮಾರುವ ರೆಡಿ ನಕ್ಷೆಗಳು ಸಿಕ್ಕಿಬೀಳೋದು ಇಲ್ಲೇ. ಪರಿಹಾರ ಕಷ್ಟವಲ್ಲ. ಮೇಲಿನ ಮಹಡಿಯಲ್ಲಿ ಒಂದು ಭಾಗವನ್ನು ತೆರೆದ ತಾರಸಿಯಾಗಿ ಬಿಡಬಹುದು, ಅಥವಾ ಕೆಳಗೆ ಕಾರು ನಿಲ್ಲಿಸುವ ಜಾಗ ಬಿಡಬಹುದು. ಪಾರ್ಕಿಂಗ್ ಜಾಗ ಎಫ್‌ಎಆರ್ ಲೆಕ್ಕಕ್ಕೆ ಸೇರಲ್ಲ.

ಸೆಟ್‌ಬ್ಯಾಕ್ ಕೋಷ್ಟಕಕ್ಕೆ ಆಗಾಗ ತಿದ್ದುಪಡಿ ಆಗುತ್ತಿರುತ್ತದೆ. ಹಾಗಾಗಿ ಮೂರ್ನಾಲ್ಕು ವರ್ಷದ ಹಿಂದೆ ಪಾಸಾದ ನಕ್ಷೆ ಈವತ್ತೂ ಪಾಸಾಗುತ್ತದೆ ಅಂತ ನಂಬಬೇಡಿ. ಸಲ್ಲಿಸುವ ದಿನ ಜಾರಿಯಲ್ಲಿರುವ ನಿಯಮದ ಪ್ರಕಾರ ಲೆಕ್ಕ ಮಾಡಿಸಿ.

ಮಳೆನೀರು ಕೊಯ್ಲಿನ ಗುಂಡಿಯನ್ನು ನಕ್ಷೆಯಲ್ಲೇ ತೋರಿಸಿ. 1,200 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗೆ ಇದು ಕಡ್ಡಾಯ. ಸಂಪು, ಇಂಗುಗುಂಡಿ, ಒಳಚರಂಡಿ ಚೇಂಬರ್ ಮೂರೂ ಮುಂಭಾಗದ ಒಂದೇ ಮೀಟರ್ ಜಾಗದಲ್ಲಿ ಕೂರಬೇಕಾಗುತ್ತದೆ. ಕಾಗದದ ಮೇಲೆ ಜಾಗ ಮಾಡದಿದ್ದರೆ ಆಮೇಲೆ ಸಂಪಿನ ಪಕ್ಕದಲ್ಲೇ ಚೇಂಬರ್ ಬರುತ್ತದೆ. ಕುಡಿಯುವ ನೀರಿನ ವಿಷಯ, ಹುಷಾರು.

ಹಂತ 6: ಪಾಯದ ನಕ್ಷೆ ರೆಡಿ ಸಿಗಲ್ಲ

ಕೋಣೆಗಳ ಜೋಡಣೆಯನ್ನು ನಕಲು ಮಾಡಬಹುದು. ಪಾಯವನ್ನು ನಕಲು ಮಾಡೋಕೆ ಬರಲ್ಲ. ಬೆಂಗಳೂರಲ್ಲಿ ಒಂದು ಬೀದಿಯಲ್ಲಿ ನಾಲ್ಕು ಅಡಿಗೇ ಗಟ್ಟಿ ಮುರ್ರಂ ಮಣ್ಣು ಸಿಗುತ್ತದೆ, ಇನ್ನೊಂದರಲ್ಲಿ ಬಂಡೆ ಸಿಕ್ಕಿ ಒಡೆಸಬೇಕಾಗುತ್ತದೆ, ಮತ್ತೊಂದು ಕಡೆ ಹಳೇ ಕೆರೆಯಂಗಳಕ್ಕೆ ಕಟ್ಟಡದ ಅವಶೇಷ ತುಂಬಿ ಸೈಟು ಮಾಡಿರುತ್ತಾರೆ. ತುಂಬಿದ ಮಣ್ಣಿನ ಮೇಲೆ ಪಕ್ಕದ ಬಡಾವಣೆಯ ಪಾಯದ ಅಳತೆ ಹಾಕಿದರೆ ಗೋಡೆ ಬಿರುಕು ಬಿಡೋದಕ್ಕೆ ಎರಡು ಮಳೆಗಾಲ ಸಾಕು. ಮಣ್ಣು ಪರೀಕ್ಷೆ ಮಾಡಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ಕೈಯಲ್ಲಿ ನಿಮ್ಮ ಸೈಟಿಗೇ ಅಂತ ಪಾಯ, ಕಾಲಮ್ಮು, ಬೀಮಿನ ವಿವರ ಬರೆಸಿ. ರೆಡಿ ನಕ್ಷೆಯಿಂದ ಉಳಿದ ದುಡ್ಡನ್ನು ಇಲ್ಲಿ ಖರ್ಚು ಮಾಡಿ ಅಂತಲೇ ನಾನು ಹೇಳೋದು.

ಹಂತ 7: ಯಾರ ಸಹಿ, ಯಾವ ಶುಲ್ಕ

ನಂಬಿಕೆ ನಕ್ಷೆಯಲ್ಲಿ ಪೂರ್ತಿ ಹೊಣೆ ಸಹಿ ಹಾಕುವವರ ಮೇಲಿದೆ. ಆದ್ದರಿಂದ ಸಹಿ ಯಾರದು ಅನ್ನೋದು ಮುಖ್ಯ. ಆರ್ಕಿಟೆಕ್ಟ್ ಆದರೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇರಬೇಕು, ಸಂಸ್ಥೆಯ ಜಾಲತಾಣದಲ್ಲಿ ಹೆಸರು ಹುಡುಕಿ ನೋಡಬಹುದು. ಎಂಜಿನಿಯರ್ ಆದರೆ ಪಾಲಿಕೆಯ ನೋಂದಣಿ ಚಾಲ್ತಿಯಲ್ಲಿದೆಯಾ ಕೇಳಿ. ಬರೆಯುವವರು ಒಬ್ಬರು, ಸಹಿಗೆ ಬೇರೆ ಯಾರದೋ ಲಾಗಿನ್ ಅನ್ನುವ ವ್ಯವಸ್ಥೆ ಅಲ್ಲಲ್ಲಿ ಇದೆ. ಸಹಿ ಹಾಕುವವರನ್ನು ಒಂದು ಸಲವಾದರೂ ಮುಖತಃ ನೋಡಿ, ಸೈಟಿಗೆ ಕರೆದುಕೊಂಡು ಹೋಗಿ.

ಶುಲ್ಕಗಳಲ್ಲಿ ಪರವಾನಗಿ ಶುಲ್ಕ, ಅಭಿವೃದ್ಧಿ ಶುಲ್ಕ ಅಂತ ಹಲವು ಬಾಬತ್ತು ಇರುತ್ತವೆ. ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ನಿರ್ಮಾಣ ವೆಚ್ಚದ 1 ಶೇಕಡಾ. ಸ್ವಂತ ವಾಸಕ್ಕೆ 50 ಲಕ್ಷ ರೂಪಾಯಿವರೆಗಿನ ವೆಚ್ಚದ ಮನೆಗೆ ವಿನಾಯಿತಿ ಇದೆ.  ಶುಲ್ಕವನ್ನೆಲ್ಲ ಆನ್‌ಲೈನ್‌ನಲ್ಲಿ ನಿಮ್ಮದೇ ಖಾತೆಯಿಂದ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ‘ಎಲ್ಲಾ ಸೇರಿ ಇಷ್ಟು’ ಅನ್ನುವ ಪ್ಯಾಕೇಜ್ ಮಾತಿಗೆ ಒಪ್ಪಿದರೆ ಸರ್ಕಾರಕ್ಕೆ ಎಷ್ಟು ಹೋಯಿತು, ಉಳಿದದ್ದು ಎಲ್ಲಿ ಹೋಯಿತು ಗೊತ್ತಾಗಲ್ಲ.

ಹಂತ 8: ಕೈಗೆ ಬಂದದ್ದು ತಾತ್ಕಾಲಿಕ

ತಾತ್ಕಾಲಿಕ ಅನುಮತಿ ಮೊಬೈಲಿಗೆ ಬಂದ ಕೂಡಲೇ ಮರುದಿನವೇ ಗುದ್ದಲಿ ಪೂಜೆ ಇಟ್ಟುಕೊಳ್ಳುವವರಿದ್ದಾರೆ. ಆಷಾಢ ಹತ್ತಿರ ಬಂತು, ಅದಕ್ಕೆ ಮೊದಲು ಶುರು ಮಾಡಬೇಕು ಅನ್ನುವ ಅವಸರ ಬೇರೆ. ಕಾಗದಗಳು ಅಪ್ಪಟವಾಗಿದ್ದರೆ ಹೆದರಿಕೆ ಇಲ್ಲ. ಆದರೆ ಎರಡನೇ ಹಂತದಲ್ಲಿ ಏನಾದರೂ ‘ನೋಡೋಣ, ನಡೆಯುತ್ತೆ’ ಅಂತ ಬಿಟ್ಟಿದ್ದರೆ, ಪೂಜೆ ಮಾಡಿ, ಆದರೆ ಪರಿಶೀಲನೆ ಮುಗಿಯುವವರೆಗೆ ಜೆಸಿಬಿ ಕರೆಸಬೇಡಿ. ಅನುಮತಿಯ ಷರತ್ತುಗಳನ್ನೂ ಅವಧಿಯನ್ನೂ ಪೂರ್ತಿ ಓದಿ. ಕೆಲಸ ಶುರುವಿನ ಪ್ರಮಾಣಪತ್ರ, ಪಾಯದ ಹಂತದ ತಪಾಸಣೆ ಬಗ್ಗೆ ಅಲ್ಲೇ ಬರೆದಿರುತ್ತದೆ.

ಬ್ಯಾಂಕ್ ಸಾಲ ತಗೊಳ್ಳುವವರು ತಾತ್ಕಾಲಿಕ ಅನುಮತಿಯ ಮೇಲೆ ಹಣ ಬಿಡುತ್ತೀರಾ ಅಂತ ಮೊದಲೇ ಕೇಳಿಕೊಳ್ಳಿ. ಬ್ಯಾಂಕು ಹಣ ಬಿಡೋದು ಹಂತ ಹಂತವಾಗಿ. ಪ್ರತಿ ಹಂತದಲ್ಲೂ ಅವರ ಎಂಜಿನಿಯರ್ ಬಂದು ಮಂಜೂರಾದ ನಕ್ಷೆ ಹಿಡಿದು ನೋಡುತ್ತಾರೆ.

ಹಂತ 9: ಕಟ್ಟುವಾಗ ಹಲ್ಲು ಕಚ್ಚಿಕೊಂಡಿರಿ

ಮೊದಲ ಮಹಡಿಯ ಸೆಂಟ್ರಿಂಗ್ ಹೊತ್ತಿಗೆ ಸಲಹೆಗಾರರು ಶುರುವಾಗುತ್ತಾರೆ. ಭಾವಮೈದ ಬಂದು ‘ಸಜ್ಜಾನ ಇನ್ನೆರಡಡಿ ಮುಂದಕ್ಕೆ ಎಳೆದು ರೂಮಿಗೆ ಸೇರಿಸಿ’ ಅನ್ನುತ್ತಾನೆ. ಮೇಸ್ತ್ರಿ ‘ಎಲ್ರೂ ಹಿಂಗೇ ಮಾಡೋದು ಸಾರ್’ ಅನ್ನುತ್ತಾನೆ. ಪಾರ್ಕಿಂಗ್‌ನಲ್ಲಿ ಒಂದು ಅಂಗಡಿ ತೆಗೆದರೆ ಎಷ್ಟು ಬಾಡಿಗೆ ಬರುತ್ತದೆ ಅಂತ ಪಕ್ಕದ ಮನೆಯವರು ಲೆಕ್ಕ ಕೊಡುತ್ತಾರೆ. ತಾರಸಿ ಮೇಲೆ ಒಂದು ರೂಮು ಏಳುತ್ತದೆ.

ಒಳಗಿನ ಗೋಡೆ ಅತ್ತಿತ್ತ ಸರಿಸೋದು, ಬಾಗಿಲು ಕಿಟಕಿ ಬದಲಾಯಿಸೋದು ದೊಡ್ಡ ವಿಷಯವಲ್ಲ. ಹೊರಗೋಡೆ ಸೆಟ್‌ಬ್ಯಾಕ್‌ಗೆ ನುಗ್ಗಿದರೆ, ಮಹಡಿ ಹೆಚ್ಚಾದರೆ, ಪಾರ್ಕಿಂಗ್ ಅಂಗಡಿಯಾದರೆ ಅದು ಉಲ್ಲಂಘನೆ. ‘ಆಮೇಲೆ ಸಕ್ರಮ ಆಗುತ್ತೆ’ ಅನ್ನುವ ಆಸೆಯಿಂದ ಕಟ್ಟಬೇಡಿ. ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿತು. ನಿಜವಾಗಿಯೂ ಬದಲಾವಣೆ ಬೇಕಾದರೆ ಕೆಲಸ ನಿಲ್ಲಿಸಿ, ಪರಿಷ್ಕೃತ ನಕ್ಷೆಗೆ ಅರ್ಜಿ ಹಾಕಿ, ಆಮೇಲೆ ಮುಂದುವರಿಸಿ.

ಮಂಜೂರಾದ ನಕ್ಷೆಯ ಒಂದು ದೊಡ್ಡ ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ ಸೈಟಿನ ಶೆಡ್ಡಿನಲ್ಲಿ ನೇತುಹಾಕಿ. ಮೇಸ್ತ್ರಿ, ಬಾರ್‌ಬೆಂಡರ್, ಪ್ಲಂಬರ್ ಎಲ್ಲರೂ ಅದನ್ನೇ ನೋಡಬೇಕು. ಬೇರೆ ಯಾವ ಪ್ರತಿಯೂ ಸೈಟಿನಲ್ಲಿ ಇರಬಾರದು.

ಹಂತ 10: ಮೀಟರ್, ನೀರು, ಓಸಿ

2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಕಟ್ಟಿದ ಮನೆಯಲ್ಲಿ ವಾಸಕ್ಕೆ ಒಪ್ಪಿಗೆ ಕೊಡುವ ಸ್ವಾಧೀನ ಪ್ರಮಾಣಪತ್ರ, ಅಂದರೆ ಓಸಿ, ತೋರಿಸದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಅಂತ. ಅದಾದ ಮೇಲೆ ಬೆಂಗಳೂರಲ್ಲಿ ಕಟ್ಟಿ ಮುಗಿಸಿದ ಎಷ್ಟೋ ಮನೆಗಳು ಮೀಟರ್ ಇಲ್ಲದೆ ನಿಂತವು. ಗೃಹಪ್ರವೇಶ ಆಯಿತು, ಕಟ್ಟುವಾಗ ತಗೊಂಡ ತಾತ್ಕಾಲಿಕ ಸಂಪರ್ಕದಲ್ಲೇ ಸಂಸಾರ. ಆಮೇಲೆ 2025ರಲ್ಲಿ ರಾಜ್ಯ ಸರ್ಕಾರ 1,200 ಚದರ ಅಡಿವರೆಗಿನ ಸೈಟಿನಲ್ಲಿ ನೆಲಮಹಡಿ ಮೇಲೆ ಎರಡು, ಇಲ್ಲವೇ ಸ್ಟಿಲ್ಟ್ (ಕಂಬಗಳ ನಡುವಿನ ತೆರೆದ ಪಾರ್ಕಿಂಗ್) ಮೇಲೆ ಮೂರು ಮಹಡಿವರೆಗಿನ ವಸತಿ ಕಟ್ಟಡಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು.

ವಿನಾಯಿತಿ ಓಸಿಗೆ, ನಕ್ಷೆಗಲ್ಲ. 30×40ರಲ್ಲಿ ನಾಲ್ಕನೇ ಮಹಡಿ ಏರಿಸಿದ ಕೂಡಲೇ ಈ ವಿನಾಯಿತಿಯಿಂದ ಹೊರಗೆ ಬೀಳುತ್ತೀರಿ. ಸೈಟು 30×50 ಇದ್ದವರಿಗೆ ಓಸಿ ಬೇಕೇ ಬೇಕು. ಓಸಿ ಬೇಕಾದವರು ಕೆಲಸ ಮುಗಿದ ಕೂಡಲೇ ಮುಕ್ತಾಯದ ವರದಿಯ ಜೊತೆ ಅರ್ಜಿ ಹಾಕಿ. ಸುಣ್ಣಬಣ್ಣ ಮುಗಿಯಲಿ ಅಂತ ಕಾಯೋದು ಬೇಡ. ಮಳೆನೀರು ಕೊಯ್ಲು, ಸೋಲಾರ್ ವಾಟರ್ ಹೀಟರ್ ಕೂಡಿಸಿದ್ದರ ಫೋಟೋ, ಬಿಲ್ಲು ಜೊತೆಗಿರಲಿ.

ಎಲ್ಲ ಆದ ಮೇಲೆ ಬಹಳ ಜನ ಮರೆಯುವ ಒಂದು ಕೆಲಸ ಉಳಿದಿರುತ್ತದೆ. ಇ-ಖಾತೆಯಲ್ಲಿ ಇನ್ನೂ ‘ಖಾಲಿ ನಿವೇಶನ’ ಅಂತಲೇ ಇರುತ್ತದೆ. ಅದನ್ನು ಕಟ್ಟಡ ಅಂತ ತಿದ್ದಿಸಿ, ಮಹಡಿವಾರು ವಿಸ್ತೀರ್ಣ ಸೇರಿಸಿ, ಆ ಲೆಕ್ಕಕ್ಕೆ ಆಸ್ತಿ ತೆರಿಗೆ ಕಟ್ಟಲು ಶುರು ಮಾಡಿ. ಅಲ್ಲಿ ಬರೆಯುವ ಚದರ ಅಡಿ, ಮಂಜೂರಾದ ನಕ್ಷೆಯ ಚದರ ಅಡಿ, ಬೆಸ್ಕಾಂಗೆ ಕೊಟ್ಟ ವಿವರ ಮೂರೂ ಒಂದೇ ಇರಲಿ.